ವಾಹನದ ಕಣ್ಣೂ ಪೋಲೀಸರ ಕೈಯೂ

ರಾಜಮಾರ್ಗದಲ್ಲಿ ಒಂದು ಅಪರಾಧವು ನಡೆದರೆ ಅದನ್ನು ಕಂಡವರು ಯಾರು ಎಂಬುದೇ ನ್ಯಾಯಸ್ಥಾನದ ಮೊದಲನೆಯ ಪ್ರಶ್ನೆ. ಹಿಂದೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವರು ದಾರಿಹೋಕರು, ಜಗುಲಿಯ ಮೇಲೆ ಕುಳಿತ ವೃದ್ಧರು, ಅಂಗಡಿಯ ಬಾಗಿಲು ಹಾಕುತ್ತಿದ್ದ ವರ್ತಕರು. ಇವರ ಕಣ್ಣು ಮಂದವಾಗಿರಬಹುದು, ನೆನಪು ಜಾರಬಹುದು, ನಾಲಗೆ ಅಂಜಬಹುದು; ಅದೆಲ್ಲವನ್ನೂ ತೂಗಿ ನೋಡಿ ಸತ್ಯವನ್ನು ಹೆಕ್ಕುವುದೇ ನ್ಯಾಯಾಧೀಶರ ಕೆಲಸವಾಗಿತ್ತು. ಈಗ ಆ ಸಾಕ್ಷಿಗಳ ಸಾಲಿಗೆ ಹೊಸದೊಂದು ಸಾಕ್ಷಿ ಬಂದು ಸೇರಿದೆ. ಅದಕ್ಕೆ ಅಂಜಿಕೆಯಿಲ್ಲ, ದಾಕ್ಷಿಣ್ಯವಿಲ್ಲ, ಬಂಧುಬಳಗವಿಲ್ಲ. ಅದು ಮೋಟಾರು ವಾಹನದ ಮುಂಗಾಜಿನ ಹಿಂದೆ ಅಂಟಿಸಿದ ಸಣ್ಣದೊಂದು ಕ್ಯಾಮರಾ.

ಈ ಯಂತ್ರದ ರೀತಿ ಸರಳವಾದುದು. ವಾಹನವು ಹೊರಟೊಡನೆ ಅದು ಎದುರಿನ ದಾರಿಯನ್ನು ಚಿತ್ರಿಸತೊಡಗುತ್ತದೆ. ಚಿತ್ರಗಳನ್ನು ಉಗುರಿನಗಲದ ಮೆಮೊರಿ ಕಾರ್ಡಿನಲ್ಲಿ ತುಂಬುತ್ತ ಹೋಗುತ್ತದೆ. ಕಾರ್ಡು ತುಂಬಿದೊಡನೆ ಎಲ್ಲಕ್ಕಿಂತ ಹಳೆಯ ಭಾಗವನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಅನೇಕ ಯಂತ್ರಗಳು ವಾಹನದೊಳಗಿನ ಮಾತುಕತೆಯನ್ನೂ ಹಿಡಿದಿಡುತ್ತವೆ. ಅಮೆರಿಕದ ಟೆಸ್ಲಾ ಕಾರುಗಳಲ್ಲಿ ಈ ವಿದ್ಯೆ ಇನ್ನೂ ಮುಂದೆ ಹೋಗಿದೆ. ಅಲ್ಲಿ ಕಾರಿನ ಸುತ್ತಲೂ ಕ್ಯಾಮರಾಗಳಿವೆ. ಒಡೆಯನು ‘ಸೆಂಟ್ರಿ’ ಎಂಬ ಕಾವಲಿನ ವ್ಯವಸ್ಥೆಯನ್ನು ಚಾಲೂ ಮಾಡಿ ಹೋದರೆ, ನಿಂತ ಕಾರು ತನ್ನ ಬಳಿ ಸುಳಿದವರ ಚಿತ್ರವನ್ನು ತೆಗೆದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮನೆಗಾವಲಿಗೆಂದು ಕಟ್ಟಿದ ನಾಯಿಯು ಬೀದಿಯಲ್ಲಿ ನಡೆದುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟುಕೊಂಡಂತಾಯಿತು.

ಇದರಿಂದ ನ್ಯಾಯಕ್ಕೆ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ೨೦೨೦ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಕಪ್ಪುಜನರು ಪ್ರಾರ್ಥಿಸುವ ಇಗರ್ಜಿಯೊಂದಕ್ಕೆ ಬೆಂಕಿ ಬಿದ್ದಿತು. ಆ ಸುಮಾರಿಗೆ ಸಮೀಪದಲ್ಲಿ ನಿಂತಿದ್ದ ಒಂದು ಟೆಸ್ಲಾ ಕಾರಿನ ಚಕ್ರವನ್ನು ಯಾರೋ ಕದ್ದರು. ಕದಿಯುವಾಗ ಅವನ ಮುಖವು ಕಾರಿನ ಕ್ಯಾಮರಾಕ್ಕೆ ಸ್ಪಷ್ಟವಾಗಿ ಸಿಕ್ಕಿತು. ಬೆಂಕಿಯಿಟ್ಟವನ ಶೋಧದಲ್ಲಿ ಆ ಚಿತ್ರವು ತನಿಖೆಗಾರರಿಗೆ ಬಹಳವಾಗಿ ನೆರವಾಯಿತು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಉತ್ತರಭಾಗದ ಪೋಲೀಸರು ೨೦೧೬ರಲ್ಲಿ ‘ಆಪರೇಷನ್ ಸ್ನ್ಯಾಪ್’ ಎಂಬ ಏರ್ಪಾಡನ್ನು ಮಾಡಿದರು. ರಸ್ತೆಯಲ್ಲಿ ಉನ್ಮತ್ತನಾಗಿ ವಾಹನ ನಡೆಸಿದವನನ್ನು ಕಂಡವರು ತಮ್ಮ ಕ್ಯಾಮರಾದ ಚಿತ್ರವನ್ನು ತಾವಾಗಿಯೇ ಕಳುಹಿಸಿಕೊಡಬಹುದು. ಪೋಲೀಸರು ಪರಿಶೀಲಿಸಿ ಕ್ರಮ ಕೈಗೊಳ್ಳುವರು. ಈ ಏರ್ಪಾಡು ಬ್ರಿಟನ್ನಿನ ಇತರ ಪ್ರಾಂತಗಳಿಗೂ ಹರಡಿತು. ಇಲ್ಲಿ ಗಮನಿಸಬೇಕಾದ ಮಾತು ಒಂದುಂಟು. ಕೊಡುವವನು ಕೊಡುತ್ತಾನೆ, ಕಿತ್ತುಕೊಳ್ಳುವವರು ಯಾರೂ ಇಲ್ಲ. ಪೌರನು ನ್ಯಾಯದ ಸಹಾಯಕನಾಗಿ ತಲೆಯೆತ್ತಿ ಬರುತ್ತಾನೆ.

ಆದರೆ ಇದೇ ಸಾಧನವು ಬೇರೆಡೆಯಲ್ಲಿ ಬೇರೆ ರೂಪವನ್ನು ತಾಳಿತು. ೨೦೨೪ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ಪೋಲೀಸರು ಅಪರಾಧ ನಡೆದ ಸ್ಥಳಗಳ ಬಳಿ ನಿಂತಿದ್ದ ಟೆಸ್ಲಾ ಕಾರುಗಳನ್ನು ಎಳೆದೊಯ್ಯಲು ನ್ಯಾಯಾಲಯದ ಅಪ್ಪಣೆಯನ್ನು ಬೇಡಿದರೆಂದು ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆ ಆ ಆಗಸ್ಟಿನ ಕೊನೆಯಲ್ಲಿ ವರದಿ ಮಾಡಿತು. ಕಡಮೆಯೆಂದರೂ ಮೂರು ಬಾರಿ ಹೀಗಾಗಿತ್ತು. ಆ ಕಾರುಗಳ ಒಡೆಯರ ಮೇಲೆ ಯಾವ ಆರೋಪವೂ ಇರಲಿಲ್ಲ. ಕಾರು ಅಲ್ಲಿ ನಿಂತಿದ್ದುದೇ ಅದಕ್ಕೆ ಒದಗಿದ ವಿಪತ್ತು. ಒಂದು ಪ್ರಸಂಗದಲ್ಲಿ ಕೆನಡಾ ದೇಶದಿಂದ ಬಂದಿದ್ದ ಪ್ರವಾಸಿಯೊಬ್ಬನು ಹೋಟೆಲಿನ ಅಂಗಳದಲ್ಲಿ ತನ್ನ ಕಾರನ್ನು ನಿಲ್ಲಿಸಿದ್ದನು. ಆ ಅಂಗಳದಲ್ಲಿ ಒಂದು ಕೊಲೆ ನಡೆಯಿತು. ವಾಹನಗಳನ್ನು ಎಳೆದೊಯ್ಯುವ ಲಾರಿಯೂ ಬಂದು ನಿಂತಿತು. ಅಷ್ಟರಲ್ಲಿ ಒಡೆಯನು ಸಿಕ್ಕಿ, ಚಿತ್ರಗಳನ್ನು ತಾನೇ ಕೊಡುವುದಾಗಿ ಹೇಳಿದುದರಿಂದ ಕಾರು ಉಳಿಯಿತು. ಸಿಕ್ಕದೆ ಹೋಗಿದ್ದರೆ, ಪರದೇಶದ ಊರಿನಲ್ಲಿ ಬೆಳಗಾಗೆದ್ದು ನೋಡುವಾಗ ಅವನ ಕಾರು ಪೋಲೀಸರ ವಶದಲ್ಲಿರುತ್ತಿತ್ತು.

ಒಡೆಯನು ಸಿಕ್ಕದಿದ್ದಾಗ ಮತ್ತೇನು ಮಾಡಬೇಕಾಗಿತ್ತು, ಕೊಲೆಗಡುಕನು ತಪ್ಪಿಸಿಕೊಳ್ಳಲಿ ಎಂದು ಬಿಡಬೇಕಾಗಿತ್ತೇ, ಎಂದು ಕೇಳುವವರುಂಟು. ಪ್ರಶ್ನೆಯು ಸಹಜವಾದುದೇ. ಓಕ್ಲೆಂಡಿನ ಪೋಲೀಸರ ಪಕ್ಷದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು: ಅವರು ರಾತ್ರೋರಾತ್ರಿ ಬೀಗ ಮುರಿಯಲಿಲ್ಲ, ನ್ಯಾಯಾಧೀಶರ ಮುಂದೆ ಹೋಗಿ ಕಾರಣ ಹೇಳಿ ಅಪ್ಪಣೆ ಬೇಡಿದರು. ಆದರೂ ಈ ಪದ್ಧತಿಯ ಮೂಲದಲ್ಲಿ ಒಂದು ದೋಷವಿದೆ. ಬೀದಿಯಲ್ಲಿ ಕೊಲೆಯಾದಾಗ ಕಿಟಕಿಯಿಂದ ಅದನ್ನು ಕಂಡ ಗೃಹಸ್ಥನನ್ನು ಯಾರೂ ಹಗ್ಗ ಕಟ್ಟಿ ಎಳೆದೊಯ್ಯುವುದಿಲ್ಲ. ಬಾಗಿಲು ತಟ್ಟುತ್ತಾರೆ, ಕೇಳುತ್ತಾರೆ, ಹೇಳಿದುದನ್ನು ಬರೆದುಕೊಳ್ಳುತ್ತಾರೆ. ಕಾರಿನ ಕ್ಯಾಮರಾ ಆ ಗೃಹಸ್ಥನ ಸ್ಥಾನದಲ್ಲಿರತಕ್ಕದ್ದು. ಅದನ್ನು ಕೊಲೆಗೆ ಬಳಸಿದ ಕತ್ತಿಯ ಸ್ಥಾನದಲ್ಲಿಟ್ಟು ಜಪ್ತಿ ಮಾಡುವುದೆಂದರೆ, ಸಾಕ್ಷಿಯನ್ನು ಆಯುಧವೆಂದು ಎಣಿಸಿದಂತೆ. ಕಂಡವನಿಗೇ ದಂಡ ಬೀಳುವುದಾದರೆ ಮುಂದೆ ಯಾರು ತಾನೆ ಕಣ್ಣು ತೆರೆದಾರು?

ಇದು ಹೊಸ ವಿವಾದವಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೨೫ರಲ್ಲಿ, ಮದ್ಯನಿಷೇಧದ ಕಾಲದಲ್ಲಿ, ಕ್ಯಾರಲ್ ಎಂಬವನ ಮೊಕದ್ದಮೆಯಲ್ಲಿ, ಬಲವಾದ ಶಂಕೆಯಿದ್ದರೆ ಮೋಟಾರು ಕಾರನ್ನು ವಾರಂಟಿಲ್ಲದೆಯೂ ಶೋಧಿಸಬಹುದೆಂದು ತೀರ್ಪು ಕೊಟ್ಟಿತು. ವಾಹನವು ಓಡಿಹೋಗಬಲ್ಲುದು ಎಂಬುದು ಅದರ ಕಾರಣ. ಆದರೆ ಆ ಕಾರಿನಲ್ಲಿದ್ದವರು ಕಳ್ಳಭಟ್ಟಿಯ ವ್ಯಾಪಾರಿಗಳೆಂಬ ಶಂಕೆಗೆ ಒಳಗಾದವರು. ದಾರಿಯಲ್ಲಿ ನಿಂತು ನೋಡಿದವರಲ್ಲ. ನೋಡಿದವರ ಪ್ರಶ್ನೆ ಆ ನ್ಯಾಯಾಲಯದ ಮುಂದೆ ಬಂದುದು ೧೯೭೮ರಲ್ಲಿ. ೧೯೭೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಗಲಭೆಯಾಗಿ ಪೋಲೀಸರಿಗೆ ಪೆಟ್ಟು ಬಿದ್ದಿತ್ತು. ವಿದ್ಯಾರ್ಥಿಗಳ ಪತ್ರಿಕೆಯೊಂದು ಗಲಭೆಯ ಛಾಯಾಚಿತ್ರಗಳನ್ನು ಅಚ್ಚುಹಾಕಿತು. ಇನ್ನೂ ಚಿತ್ರಗಳಿರಬಹುದೆಂದು ಪೋಲೀಸರು ವಾರಂಟು ಹಿಡಿದು ಪತ್ರಿಕೆಯ ಕಚೇರಿಗೆ ಹೋಗಿ ಕಪಾಟು, ಮೇಜು, ಕಸದಬುಟ್ಟಿಗಳನ್ನೆಲ್ಲ ಜಾಲಾಡಿದರು. ಅಚ್ಚಾದ ಚಿತ್ರಗಳ ಹೊರತು ಬೇರೇನೂ ಸಿಕ್ಕಲಿಲ್ಲ. ಪತ್ರಿಕೆಯವರ ಮೇಲೆ ಯಾವ ಅಪರಾಧವೂ ಇರಲಿಲ್ಲ. ಆದರೂ ಬಹುಮತದ ನ್ಯಾಯಾಧೀಶರು, ನಿರಪರಾಧಿಯ ಸ್ಥಳವನ್ನೂ ವಾರಂಟಿನಿಂದ ಶೋಧಿಸಬಹುದೆಂದು ಹೇಳಿದರು. ಈ ತೀರ್ಪಿನಿಂದ ಆ ದೇಶದಲ್ಲಿ ಕೋಲಾಹಲವಾಗಿ, ೧೯೮೦ರಲ್ಲಿ ಅಲ್ಲಿಯ ಕಾಂಗ್ರೆಸ್ಸು ಪತ್ರಿಕೆಗಳವರನ್ನು ಕಾಪಾಡಲು ಹೊಸ ಕಾನೂನನ್ನೇ ಮಾಡಬೇಕಾಯಿತು. ಬರೆಯುವವರಿಗೆ ರಕ್ಷೆ ದೊರೆಯಿತು. ಕಾರಿಟ್ಟುಕೊಂಡ ಸಾಮಾನ್ಯ ಗೃಹಸ್ಥನಿಗೆ ದೊರೆಯಲಿಲ್ಲ. ಓಕ್ಲೆಂಡಿನ ಲಾರಿಯು ಆ ಬಿರುಕಿನ ಮೂಲಕ ನುಸುಳಿ ಬಂದುದು.

ಅಮೆರಿಕದ ಕಥೆ ಕನ್ನಡನಾಡಿನ ವಾಚಕರಿಗೇಕೆ ಎಂದರೆ, ಕಾರಣವಿದೆ. ಓಕ್ಲೆಂಡಿನಲ್ಲಿ ಈ ಪ್ರಕರಣಗಳು ನಡೆಯುತ್ತಿದ್ದ ಆ ಜುಲೈ ತಿಂಗಳ ೧ರಂದೇ ಭಾರತದಲ್ಲಿ ಹಳೆಯ ಅಪರಾಧ ಕಾನೂನುಗಳು ಹೋಗಿ ಹೊಸವು ಜಾರಿಗೆ ಬಂದವು. ಈ ನಾಡಿನ ಪಟ್ಟಣಗಳಲ್ಲಿಯೂ ಕಾರಿಗೆ ಕ್ಯಾಮರಾ ಅಂಟಿಸುವ ರೂಢಿ ಹಬ್ಬುತ್ತಿದೆ. ವೈದ್ಯರು, ಉಪಾಧ್ಯಾಯರು, ವರ್ತಕರು, ಬಾಡಿಗೆ ಕಾರಿನವರು ಎಲ್ಲರೂ ಅದನ್ನು ಕೊಳ್ಳುತ್ತಿದ್ದಾರೆ. ಓಕ್ಲೆಂಡಿನಲ್ಲಿ ನ್ಯಾಯಾಧೀಶರ ಅಪ್ಪಣೆಯಾದರೂ ಬೇಕಾಗಿತ್ತು. ಇಲ್ಲಿಯ ಸ್ಥಿತಿಯನ್ನು ನೋಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೯೪ನೆಯ ಕಲಮಿನಂತೆ, ತನಿಖೆಗೆ ಅವಶ್ಯವೆಂದು ತೋರಿದ ಯಾವುದೇ ದಸ್ತಾವೇಜನ್ನೂ, ವಿದ್ಯುನ್ಮಾನ ದಾಖಲೆಯನ್ನೂ, ಅಂಥ ದಾಖಲೆಯಿರಬಹುದಾದ ಸಾಧನವನ್ನೂ ತಂದೊಪ್ಪಿಸೆಂದು ನ್ಯಾಯಾಲಯವು ಮಾತ್ರವಲ್ಲ, ಠಾಣೆಯ ಅಧಿಕಾರಿಯೇ ಲಿಖಿತ ಆಜ್ಞೆ ಕೊಡಬಹುದು. ೧೮೫ನೆಯ ಕಲಮಿನಂತೆ, ತಡಮಾಡಿದರೆ ಸಿಕ್ಕದೆಂದು ತೋರಿದಾಗ, ಕಾರಣವನ್ನು ಬರೆದಿಟ್ಟು ವಾರಂಟಿಲ್ಲದೆ ಶೋಧ ನಡೆಸಬಹುದು. ಕಾರ್ಡಿನಲ್ಲಿ ಹಳೆಯ ಚಿತ್ರ ಅಳಿಯುತ್ತಲೇ ಇರುವುದರಿಂದ ‘ತಡ’ವೆಂಬ ಕಾರಣವು ಇಲ್ಲಿ ಎಂದೂ ಕೈಗೆ ಸಿಕ್ಕುವಂಥದು. ನ್ಯಾಯಾಧೀಶರ ಮುಖವನ್ನೇ ಕಾಣದೆ ಸಾಕ್ಷಿಯ ಮನೆಯ ಅಂಗಳದವರೆಗೆ ಬರುವ ದಾರಿ ಇಲ್ಲಿ ತೆರೆದೇ ಇದೆ.

ಆಶ್ಚರ್ಯವೆಂದರೆ, ಇದೇ ಸಂಹಿತೆಯು ಮನುಷ್ಯಸಾಕ್ಷಿಯ ವಿಷಯದಲ್ಲಿ ಎಷ್ಟೋ ಸೌಜನ್ಯವನ್ನು ತೋರಿಸಿದೆ. ೧೭೯ನೆಯ ಕಲಮನ್ನು ಓದಿದರೆ, ೧೫ ವರ್ಷಕ್ಕೆ ಕೆಳಗಿನ ಬಾಲಕನನ್ನೂ, ೬೦ ವರ್ಷ ಮೀರಿದ ವೃದ್ಧನನ್ನೂ, ಸ್ತ್ರೀಯರನ್ನೂ, ಅಂಗವಿಕಲರನ್ನೂ, ತೀವ್ರ ಕಾಯಿಲೆಯಲ್ಲಿರುವವರನ್ನೂ ಸಾಕ್ಷ್ಯಕ್ಕಾಗಿ ಠಾಣೆಗೆ ಬರಹೇಳಕೂಡದು. ಪೋಲೀಸರೇ ಅವರ ಮನೆಗೆ ಹೋಗಬೇಕು. ಕಾಗದಪತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆಯಿದೆ. ಅಂಚೆಯವರ ವಶದಲ್ಲಿರುವ ಒಂದು ಕಾಗದವನ್ನೋ ಪಾರ್ಸಲನ್ನೋ ಠಾಣಾಧಿಕಾರಿಯು ಕೊಡೆಂದು ಕೇಳಿದರೆ ಅಂಚೆಯವರು ಕೊಡಬೇಕಾದುದಿಲ್ಲ. ೯೫ನೆಯ ಕಲಮಿನಂತೆ ಜಿಲ್ಲಾ ಮ್ಯಾಜಿಸ್ಟ್ರೇಟರು, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು, ಸೆಷನ್ಸ್ ನ್ಯಾಯಾಲಯ, ಹೈಕೋರ್ಟು, ಇವರಲ್ಲಿ ಒಬ್ಬರ ಅಪ್ಪಣೆ ಬೇಕು. ಪೋಲೀಸ್ ಸೂಪರಿಂಟೆಂಡೆಂಟರಷ್ಟು ದೊಡ್ಡ ಅಧಿಕಾರಿಯೂ ಮಾಡಬಹುದಾದುದು ಇಷ್ಟೇ: ‘ಆ ಕಾಗದವನ್ನು ಹುಡುಕಿ ತಡೆದಿಡಿರಿ, ಅಪ್ಪಣೆ ಬರುವವರೆಗೆ ಬಿಡಬೇಡಿರಿ’ ಎಂದು ಹೇಳಬಹುದು. ತಡೆದಿಡುವ ಅಧಿಕಾರ ಒಬ್ಬರದು, ತೆರೆದು ಕೊಡಿಸುವ ಅಧಿಕಾರ ಇನ್ನೊಬ್ಬರದು. ಬ್ರಿಟಿಷರ ಕಾಲದಿಂದ ಬಂದ ಈ ನಿಯಮದಲ್ಲಿ ದೊಡ್ಡದೊಂದು ವಿವೇಕವಿದೆ. ಒಂದಾಣೆಯ ಲಕೋಟೆಗೆ ಸಂದ ಈ ಮರ್ಯಾದೆ ಗೃಹಸ್ಥನ ದಿನದಿನದ ಓಡಾಟವನ್ನೆಲ್ಲ ಹೊತ್ತ ಮೆಮೊರಿ ಕಾರ್ಡಿಗೆ ಏಕೆ ಸಲ್ಲಬಾರದು?

ಕಾರ್ಡಿನ ಮಾತು ಹಾಗಿರಲಿ. ಕಾರ್ಡಿನೊಂದಿಗೆ ವಾಹನವೂ ಠಾಣೆಗೆ ಹೋದರೆ ಗತಿಯೇನು? ಕರ್ನಾಟಕದ ಯಾವುದೇ ಊರಿನ ಪೋಲೀಸ್ ಠಾಣೆಯ ಮುಂದೆ ಹಾದುಹೋದವರು ಅಲ್ಲಿಯ ದೃಶ್ಯವನ್ನು ಬಲ್ಲರು. ಬೇಲಿಯ ಬದಿಯಲ್ಲಿ ಜಪ್ತಿಯಾದ ವಾಹನಗಳು ಸಾಲಾಗಿ ನಿಂತಿರುತ್ತವೆ. ಚಕ್ರಗಳು ಮಣ್ಣಿನಲ್ಲಿ ಹೂತಿರುತ್ತವೆ. ಗಾಜಿನ ಮೇಲೆ ಎರಡು ಮೂರು ಮಳೆಗಾಲದ ಕೆಸರು ಒಣಗಿರುತ್ತದೆ. ಬಾಗಿಲಿನ ಸಂದಿಯಿಂದ ಬಳ್ಳಿ ಹಬ್ಬಿರುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಗುಜರಾತಿನ ಸುಂದರಭಾಯಿ ದೇಸಾಯಿ ಮೊಕದ್ದಮೆಯಲ್ಲಿ ಇದೇ ದೃಶ್ಯವನ್ನು ಕುರಿತು ಮರುಗಿ, ಜಪ್ತಿಯಾದ ಸ್ವತ್ತು ಹದಿನೈದು ದಿನಗಳಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಠಾಣೆಯಲ್ಲಿ ಕೊಳೆಯಬಾರದೆಂದು ವಿಧಿಸಿತು. ತೀರ್ಪು ಬಂದು ಎರಡು ದಶಕಗಳು ಕಳೆದರೂ ಬಳ್ಳಿಗಳು ಹಬ್ಬುವುದು ನಿಂತಿಲ್ಲ. ಆರೋಪಿಯ ವಾಹನಕ್ಕೇ ಈ ಗತಿಯಾದರೆ, ಕೇವಲ ನೋಡಿದ ತಪ್ಪಿಗಾಗಿ ವೈದ್ಯನೊಬ್ಬನ ಕಾರೋ, ದಿನದ ದುಡಿಮೆಗೆ ಅದನ್ನೇ ನಂಬಿದ ಬಾಡಿಗೆಯವನ ಕಾರೋ ಆ ಸಾಲಿನಲ್ಲಿ ನಿಲ್ಲಬೇಕೇ? ಒಂದು ದಿನದ ಬಾಡಿಗೆ ತಪ್ಪಿದರೆ ಒಂದು ಮನೆಯ ಒಲೆ ಉರಿಯುವುದಿಲ್ಲವೆಂಬುದನ್ನು ಠಾಣೆಯ ದಫ್ತರವು ಬರೆದುಕೊಳ್ಳುವುದಿಲ್ಲ.

ಇದಕ್ಕೆ ಪ್ರತಿಪಕ್ಷದವರು ಹೂಡುವ ಮೊದಲನೆಯ ವಾದವೆಂದರೆ ಅವಸರ. ಚಿತ್ರವು ಕೆಲವು ಗಂಟೆಗಳಲ್ಲಿ ಅಳಿದುಹೋಗಬಹುದು. ಅಪ್ಪಣೆಗಾಗಿ ಅಲೆದಾಡುತ್ತಿದ್ದರೆ ಸಾಕ್ಷ್ಯವೇ ಇಲ್ಲವಾದೀತು ಎಂಬುದು ಅವರ ಅಳಲು. ಈ ವಾದವು ನಿಜ. ಆದರೆ ಅದು ಸಿದ್ಧಪಡಿಸುವುದು ‘ಉಳಿಸಬೇಕು’ ಎಂಬುದನ್ನೇ ಹೊರತು ‘ಒಯ್ಯಬೇಕು’ ಎಂಬುದನ್ನಲ್ಲ. ಕಾರ್ಡನ್ನು ಯಂತ್ರದಿಂದ ಹೊರತೆಗೆದರೆ ಅಳಿಸುವಿಕೆಯು ಆ ಕ್ಷಣದಲ್ಲೇ ನಿಲ್ಲುತ್ತದೆ. ಒಡೆಯನ ಎದುರಿನಲ್ಲಿ, ನೆರೆಹೊರೆಯ ಇಬ್ಬರ ಎದುರಿನಲ್ಲಿ ಅದನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ ಮಹಜರು ಬರೆದರೆ ಮುಗಿಯಿತು. ಅಥವಾ ಬೇಕಾದ ಭಾಗದ ಪ್ರತಿಯನ್ನು ಅಲ್ಲಿಯೇ ತೆಗೆದುಕೊಳ್ಳಬಹುದು. ಪ್ರತಿಯ ಪ್ರಾಮಾಣ್ಯವನ್ನು ಕುರಿತು ಸಂಶಯಪಡಬೇಕಾದುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮು ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ಅದರೊಡನೆ ಪ್ರಮಾಣಪತ್ರವಿರಬೇಕು, ‘ಹ್ಯಾಷ್’ ಎಂಬ ಅಂಕೆಯಿರಬೇಕು ಎಂದಷ್ಟೇ ವಿಧಿಸುತ್ತದೆ. ಈ ಅಂಕೆಯು ದಾಖಲೆಯ ಬೆರಳಚ್ಚಿನಂಥದು: ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಅಂಕೆಯು ಬೇರೆಯಾಗುತ್ತದೆ. ಇಂಥ ಪ್ರಮಾಣಪತ್ರವು ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು ಹಳೆಯ ಕಾನೂನಿನ ಕಾಲದಲ್ಲಿಯೇ, ೨೦೨೦ರ ಅರ್ಜುನ ಪಂಡಿತರಾವ್ ಖೋತ್ಕರ್ ಮೊಕದ್ದಮೆಯಲ್ಲಿ, ಖಚಿತಪಡಿಸಿತ್ತು. ಶಾಸ್ತ್ರವೇ ಪ್ರತಿಯನ್ನು ಒಪ್ಪುವಾಗ ನಾಲ್ಕು ಚಕ್ರದ ಮೂಲವನ್ನು ಎಳೆದೊಯ್ಯುವುದು ಬಾವಿಯ ನೀರು ಬೇಕಾದವನು ಬಾವಿಯನ್ನೇ ಹೊತ್ತೊಯ್ಯಹೊರಟಂತೆ.

ಎರಡನೆಯ ವಾದ ಎಲ್ಲರ ನಾಲಗೆಯ ಮೇಲೂ ಇರತಕ್ಕದ್ದು: ‘ತಪ್ಪು ಮಾಡದವನಿಗೆ ಭಯವೇಕೆ?’ ಕೇಳಲು ಇದು ಹಿತವಾಗಿದೆ. ಆದರೆ ಕ್ಯಾಮರಾ ಅಪರಾಧವನ್ನಷ್ಟೇ ಕಾಣುವುದಿಲ್ಲ. ಯಾರ ಮನೆಯ ಮುಂದೆ ಕಾರು ಎಷ್ಟು ಹೊತ್ತು ನಿಂತಿತ್ತು, ಯಾವ ವೈದ್ಯರ ಬಳಿಗೆ ಹೋಯಿತು, ಯಾವ ಸಭೆಗೆ ಬಂದಿತು, ಮಗಳ ವಿವಾಹದ ಮಾತುಕತೆಗೆ ಹೊರಟ ದಂಪತಿಗಳು ದಾರಿಯಲ್ಲಿ ತಮ್ಮತಮ್ಮೊಳಗೆ ಏನಾಡಿಕೊಂಡರು, ಇದೆಲ್ಲವೂ ಆ ಉಗುರಿನಗಲದ ಕಾರ್ಡಿನಲ್ಲಿದೆ. ಇವುಗಳಲ್ಲಿ ಒಂದೂ ಅಪರಾಧವಲ್ಲ. ಒಂದನ್ನೂ ಪರರ ಮುಂದೆ ಹರಡಲು ಮಾನವಂತರು ಒಪ್ಪರು. ಅಷ್ಟೇ ಅಲ್ಲ, ಎದುರಿಗೆ ಬಂದ ಪಾದಚಾರಿಗಳು, ಪಕ್ಕದ ಮನೆಯ ಮಕ್ಕಳು, ಇವರ ಚಿತ್ರವೂ ಅದರಲ್ಲಿದೆ, ಅವರನ್ನು ಕೇಳಿದವರು ಯಾರು? ಇದನ್ನು ಮನಗಂಡು ಜರ್ಮನಿಯ ಉಚ್ಚ ನ್ಯಾಯಸ್ಥಾನವು ೨೦೧೮ರ ಮೇ ತಿಂಗಳಲ್ಲಿ ಒಂದು ಅಪಘಾತದ ವ್ಯಾಜ್ಯದಲ್ಲಿ, ಎಡೆಬಿಡದೆ ದಾರಿಯನ್ನೆಲ್ಲ ಚಿತ್ರಿಸುತ್ತಿರುವುದು ಅಲ್ಲಿಯ ಕಾನೂನಿಗೆ ವಿರುದ್ಧವೆಂದೂ, ಆದರೂ ಆಯಾ ಸಂದರ್ಭವನ್ನು ತೂಗಿ ನೋಡಿ ಚಿತ್ರವನ್ನು ಸಾಕ್ಷ್ಯವಾಗಿ ಒಪ್ಪಬಹುದೆಂದೂ ಹೇಳಿತು. ಹಾಲೆಂಡಿನ ದತ್ತಾಂಶರಕ್ಷಣೆಯ ಅಧಿಕಾರಿಗಳು ಟೆಸ್ಲಾ ಕಾರುಗಳ ಕಾವಲಿನ ವ್ಯವಸ್ಥೆಯನ್ನು ವಿಚಾರಿಸಿದ ಮೇಲೆ, ಆ ಕಂಪೆನಿಯು ಉಳಿಸಿಡುವ ಚಿತ್ರದ ಅವಧಿಯನ್ನು ಇಳಿಸಿತೆಂದೂ, ಚಿತ್ರ ತೆಗೆಯುವಾಗ ದಾರಿಹೋಕರಿಗೆ ತಿಳಿಯುವಂತೆ ದೀಪ ಮಿನುಗಿಸುವ ಏರ್ಪಾಡು ಮಾಡಿತೆಂದೂ ೨೦೨೩ರಲ್ಲಿ ಪ್ರಕಟವಾಯಿತು.

ಇನ್ನು ಕೈಗೆ ಸಿಕ್ಕಿದ ಚಿತ್ರವನ್ನು ನೋಡುವವರು ಸಂಯಮದಿಂದ ನೋಡುವರೆಂಬ ಭರವಸೆ ಎಷ್ಟರಮಟ್ಟಿನದು? ೨೦೧೯ರಿಂದ ೨೦೨೨ರವರೆಗೆ ಅದೇ ಟೆಸ್ಲಾ ಕಂಪೆನಿಯ ಕೆಲವು ನೌಕರರು ಗಿರಾಕಿಗಳ ಕಾರುಗಳಿಂದ ಬಂದ ಖಾಸಗಿ ಚಿತ್ರಗಳನ್ನು ತಮ್ಮತಮ್ಮೊಳಗೆ ಹಂಚಿಕೊಂಡು ನಕ್ಕರೆಂದು ರಾಯಿಟರ್ಸ್ ಸಂಸ್ಥೆ ೨೦೨೩ರ ಏಪ್ರಿಲಿನಲ್ಲಿ ವರದಿ ಮಾಡಿತು. ಸಂಬಳಕ್ಕಾಗಿ ನೋಡುವವರೇ ಹೀಗೆ ಮಾಡಿದರೆ, ಅಧಿಕಾರದಿಂದ ನೋಡುವವರನ್ನು ಕೇಳುವವರಾರು? ನ್ಯಾಯಾಧೀಶರ ಅಪ್ಪಣೆಯಿರಬೇಕೆನ್ನುವುದು ಪೋಲೀಸರೆಲ್ಲ ದುಷ್ಟರೆಂದಲ್ಲ. ಯಾರ ಕೈಯಲ್ಲಿಯೇ ಆಗಲಿ ಲೆಕ್ಕ ಕೇಳುವವರಿಲ್ಲದ ಅಧಿಕಾರವಿದ್ದರೆ ಅದು ಸಡಿಲಾಗುವುದು ಮನುಷ್ಯಸ್ವಭಾವವೆಂದು.

ಈ ತತ್ತ್ವವನ್ನು ಭಾರತದ ಸಂವಿಧಾನದಲ್ಲಿ ನೆಲೆಗೊಳಿಸಿದ ಕೀರ್ತಿಯಲ್ಲಿ ಕನ್ನಡನಾಡಿಗೆ ಪಾಲುಂಟು. ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಆ ಹಕ್ಕಿನೊಳಗೆ ಸರ್ಕಾರವು ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಹಾಕುವ ಕೈ ಉದ್ದೇಶಕ್ಕೆ ತಕ್ಕಷ್ಟೇ ಉದ್ದವಿರಬೇಕು. ಹತ್ತು ನಿಮಿಷದ ಚಿತ್ರಕ್ಕಾಗಿ ಇಡೀ ಕಾರ್ಡನ್ನು, ಕಾರ್ಡಿಗಾಗಿ ಇಡೀ ಕಾರನ್ನು ಒಯ್ಯುವುದು ಈ ಮೂರನೆಯ ಒರೆಗಲ್ಲಿನ ಮೇಲೆ ನಿಲ್ಲಲಾರದು. ಖಾಸಗಿ ಮಾಹಿತಿಯ ರಕ್ಷಣೆಗೆಂದು ೨೦೨೩ರಲ್ಲಿ ಪಾರ್ಲಿಮೆಂಟು ಮಾಡಿದ ಅಧಿನಿಯಮವು ಇಲ್ಲಿ ನೆರವಿಗೆ ಬರುತ್ತದೆಯೇ ಎಂದರೆ, ಅಪರಾಧಗಳ ತನಿಖೆಗೆ ಅದರ ೧೭ನೆಯ ಕಲಮಿನಲ್ಲಿ ವಿನಾಯಿತಿಯನ್ನೇ ಬರೆದಿಟ್ಟಿದೆ. ಕೊಡೆ ಕೊಂಡುದೇನೋ ನಿಜ. ಮಳೆ ಬಂದಾಗ ಬಿಚ್ಚಬಾರದೆಂಬ ಷರತ್ತಿನ ಮೇಲೆ.

ಮೂರನೆಯ ವಾದ ಕರ್ನಾಟಕದ ಕಾನೂನನ್ನೇ ಮುಂದಿಡುತ್ತದೆ. ೨೦೧೭ರ ಸಾರ್ವಜನಿಕ ಸುರಕ್ಷತಾ ಅಧಿನಿಯಮದಂತೆ, ಬಹುಜನರು ಬಂದುಹೋಗುವ ಅಂಗಡಿ, ಆಸ್ಪತ್ರೆ, ಕಾರ್ಖಾನೆ, ದೇವಸ್ಥಾನಗಳವರು ಕ್ಯಾಮರಾ ಇಡಬೇಕು, ೩೦ ದಿನಗಳ ಚಿತ್ರವನ್ನು ಕಾಪಾಡಬೇಕು, ಪೋಲೀಸರು ಕೇಳಿದಾಗ ಒಪ್ಪಿಸಬೇಕು. ಅಂಗಡಿಯವನು ಕೊಡುವಾಗ ಕಾರಿನವನಿಗೇನು ಎಂಬುದು ಪ್ರಶ್ನೆ. ಉತ್ತರವು ಆ ಕಾನೂನಿನ ಹೆಸರಿನಲ್ಲಿಯೇ ಇದೆ. ಸಾರ್ವಜನಿಕರನ್ನು ಒಳಗೆ ಕರೆದು ವ್ಯವಹರಿಸುವ ಸ್ಥಳಕ್ಕೆ ಸಾರ್ವಜನಿಕರ ಸುರಕ್ಷೆಯ ಹೊಣೆಯುಂಟು. ಬರುವವರಿಗೂ ಅಲ್ಲಿ ಕ್ಯಾಮರಾ ಇದೆಯೆಂದು ತಿಳಿದಿರುತ್ತದೆ. ಮನೆಯ ಜನ ಕುಳಿತು ಹೋಗುವ ಕಾರು ಅಂಗಡಿಯಲ್ಲ. ಅದು ಮನೆಯ ಒಂದು ಕೋಣೆ, ಚಕ್ರ ಕಟ್ಟಿಕೊಂಡು ಬೀದಿಗೆ ಬಂದಿದೆ. ಶಾಸನಸಭೆಯು ಅಂಗಡಿಗೆ ಹೇಳಿದ ನಿಯಮವನ್ನು ಠಾಣೆಯು ತಾನಾಗಿ ಮನೆಗೆ ಹಬ್ಬಿಸಕೂಡದು.

ಕ್ಯಾಮರಾದಿಂದ ಸತ್ಯ ಹೊರಬೀಳುವುದೆಂದು ಅಷ್ಟು ನಂಬುವವರು ತಮ್ಮ ಗೋಡೆಯ ಕಡೆಗೂ ಒಮ್ಮೆ ನೋಡಬೇಕು. ೨೦೨೦ರ ಡಿಸೆಂಬರ್ ೨ರಂದು ಪರಮವೀರಸಿಂಗ್ ಸೈನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ ಪ್ರತಿಯೊಂದು ಪೋಲೀಸ್ ಠಾಣೆಯಲ್ಲಿಯೂ, ಬಾಗಿಲಿನಿಂದ ಬಂದೀಖಾನೆಯ ಕೋಣೆಯವರೆಗೆ, ಕ್ಯಾಮರಾ ಇಡಬೇಕೆಂದು ಆಜ್ಞಾಪಿಸಿತು. ೨೦೨೫ರ ಸೆಪ್ಟೆಂಬರಿನಲ್ಲಿ, ಠಾಣೆಗಳ ಕ್ಯಾಮರಾಗಳು ಕೆಲಸ ಮಾಡುತ್ತಿಲ್ಲವೆಂಬ ವಿಷಯವನ್ನು ಅದೇ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಐದು ವರ್ಷಗಳಾದರೂ ತನ್ನ ಮನೆಯ ಕಣ್ಣನ್ನು ತೆರೆಯದವರು ನೆರೆಯವರ ಕಣ್ಣಿನ ಮೇಲೆ ಹಕ್ಕು ಸಾಧಿಸುವುದು ಹೇಗೆ ಸಲ್ಲುತ್ತದೆ?

ಎಲ್ಲರೂ ಮರೆಯುವ ಇನ್ನೊಬ್ಬನಿದ್ದಾನೆ, ಅವನೇ ಆರೋಪಿ. ವಾಹನದ ಚಿತ್ರವು ಅಪರಾಧಿಯನ್ನು ತೋರಿಸಬಲ್ಲಂತೆ ನಿರಪರಾಧಿಯನ್ನೂ ಬಿಡಿಸಬಲ್ಲುದು. ಇಡೀ ಕಾರ್ಡು ಪೋಲೀಸರ ವಶಕ್ಕೆ ಹೋಗಿ, ಅದರಿಂದ ಅವರಿಗೆ ಬೇಕಾದ ಹತ್ತು ನಿಮಿಷ ಮಾತ್ರ ನ್ಯಾಯಾಲಯಕ್ಕೆ ಬಂದರೆ, ಉಳಿದ ಭಾಗದಲ್ಲಿ ಆರೋಪಿಯ ಬಿಡುಗಡೆಗೆ ಬೇಕಾದುದಿತ್ತೋ ಇಲ್ಲವೋ ಬಲ್ಲವರಾರು? ೨೦೧೯ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೆಮೊರಿ ಕಾರ್ಡಿನಲ್ಲಿರುವ ವಿಷಯವೂ ದಸ್ತಾವೇಜೇ ಎಂದೂ, ಸಾಮಾನ್ಯವಾಗಿ ಅದರ ಪ್ರತಿಯು ಆರೋಪಿಗೂ ಸಲ್ಲತಕ್ಕದ್ದೆಂದೂ, ನೊಂದವರ ಮಾನಕ್ಕೆ ಕುಂದು ಬರುವಂತಿದ್ದರೆ ನೋಡಲು ಮಾತ್ರ ಅವಕಾಶ ಕೊಡಬಹುದೆಂದೂ ಹೇಳಿತು. ಹಾಗಾದರೆ ಮೊಹರು ಮಾಡಿದ ಮೂಲವು ಇರಬೇಕಾದುದು ಮೊಕದ್ದಮೆಯ ಒಂದು ಪಕ್ಷದವರ ಬೀರುವಿನಲ್ಲಲ್ಲ, ನ್ಯಾಯಾಲಯದ ವಶದಲ್ಲಿ.

ಆದಕಾರಣ ಆಗಬೇಕಾದುದು ಇಷ್ಟು. ಅಂಚೆಯ ಕಾಗದಕ್ಕಿರುವ ನಿಯಮವನ್ನೇ ಖಾಸಗಿ ವಾಹನದ ಚಿತ್ರಕ್ಕೂ ಪಾರ್ಲಿಮೆಂಟು ವಿಸ್ತರಿಸಬೇಕು. ‘ಅಳಿಸಬೇಡಿರಿ, ಕಾಪಾಡಿರಿ’ ಎಂದು ಲಿಖಿತ ಸೂಚನೆ ಕೊಡುವ ಅಧಿಕಾರ ತನಿಖೆಯ ಅಧಿಕಾರಿಗೆ ಇರಲಿ. ಅದನ್ನು ಮೀರಿ ನಡೆದವನಿಗೆ ದಂಡವೂ ಇರಲಿ. ಒಡೆಯನು ಮನಸಾರೆ ಕೊಟ್ಟರೆ ರಸೀತಿ ಬರೆದು ಪ್ರತಿಯನ್ನು ಪಡೆಯಲಿ. ಕೊಡದಿದ್ದರೆ, ಯಾವ ಅಪರಾಧ, ಯಾವ ಸ್ಥಳ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನು ನಮೂದಿಸಿ ಮ್ಯಾಜಿಸ್ಟ್ರೇಟರ ಅಪ್ಪಣೆ ತರಲಿ. ಒಯ್ಯುವುದು ಪ್ರತಿಯನ್ನು, ಅಥವಾ ಹೆಚ್ಚೆಂದರೆ ಕಾರ್ಡನ್ನು; ವಾಹನವನ್ನು ಎಂದಿಗೂ ಅಲ್ಲ, ಆ ವಾಹನವೇ ಅಪರಾಧದ ಸಾಧನವಾಗಿದ್ದ ಹೊರತು. ಒಡೆಯನೇ ಸಿಕ್ಕದಿದ್ದಾಗ ವಾಹನದ ಬಳಿ ಒಬ್ಬ ಪೇದೆಯನ್ನು ನಿಲ್ಲಿಸಿ ಅವನು ಬರುವವರೆಗೆ ಕಾಯುವುದರಿಂದ ಸಾಮ್ರಾಜ್ಯವೇನೂ ಮುಳುಗದು. ಮೊಕದ್ದಮೆಗೆ ಸಂಬಂಧಿಸದ ಭಾಗವನ್ನು ಗೊತ್ತಾದ ಅವಧಿಯೊಳಗೆ ಅಳಿಸಿ, ಅಳಿಸಿದೆವೆಂದು ಒಡೆಯನಿಗೆ ಬರೆದು ತಿಳಿಸಲಿ.

ಇಷ್ಟನ್ನು ಹೇಳಿದ ಮೇಲೆ ಗೃಹಸ್ಥರಿಗೂ ಒಂದು ಮಾತು ಸಲ್ಲಬೇಕು. ಹಕ್ಕಿನ ಹೆಸರಿನಲ್ಲಿ ಹೇಡಿತನವನ್ನು ಮರೆಮಾಡುವವರೂ ಇದ್ದಾರೆ. ದಾರಿಯಲ್ಲಿ ಲಾರಿಯೊಂದು ಸೈಕಲಿನ ಹುಡುಗನನ್ನು ಕೆಡವಿ ಓಡಿಹೋದುದನ್ನು ತನ್ನ ಕ್ಯಾಮರಾ ಕಂಡಿದ್ದರೂ ‘ಕೋರ್ಟಿನ ಗೊಡವೆ ಬೇಡ’ ಎಂದು ಚಿತ್ರವನ್ನು ಅಳಿಸಿ ಸುಮ್ಮನಾಗುವವನು ಖಾಸಗಿತನದ ಭಕ್ತನಲ್ಲ, ಲಾರಿಯವನ ಪಾಲುಗಾರ. ಆದರೆ ಅವನು ಹಾಗೇಕೆ ಮಾಡುತ್ತಾನೆಂಬುದನ್ನೂ ಕೇಳಬೇಕು. ಕಾರು ಜಪ್ತಿಯಾದೀತು, ಠಾಣೆಗೆ ಹತ್ತು ಬಾರಿ ಅಲೆಯಬೇಕಾದೀತು, ಕಾರ್ಡಿನಲ್ಲಿದ್ದ ಮನೆಯ ಮಾತು ಊರಿನ ಮಾತಾದೀತು ಎಂಬ ಭಯವೇ ಅವನ ಬೆರಳನ್ನು ಅಳಿಸುವ ಗುಂಡಿಯ ಮೇಲೆ ಇಡಿಸುತ್ತದೆ. ಬಲಾತ್ಕಾರದಿಂದ ಒಂದು ಕಾರಿನ ಚಿತ್ರ ಸಿಕ್ಕೀತು. ಆ ಸುದ್ದಿಯನ್ನು ಕೇಳಿದ ನೂರು ಕಾರುಗಳ ಚಿತ್ರ ಅಂದೇ ಅಳಿದೀತು.

ನ್ಯಾಯಕ್ಕೆ ಬೇಕಾದುದು ಕಂಡುದನ್ನು ಹೇಳುವ ಪೌರರು. ಅಂಥವರನ್ನು ಕಾನೂನು ಕೈಹಿಡಿದು ಕರೆದರೆ ಬರುತ್ತಾರೆ; ಕೊರಳಪಟ್ಟಿ ಹಿಡಿದು ಎಳೆದರೆ ಮುಂದಿನ ಸಲ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಕಿಟಕಿಗಳು ಮುಚ್ಚಿದ ಬೀದಿಯಲ್ಲಿ ಕಳ್ಳನಿಗೆ ಯಾವ ಭಯವೂ ಇರುವುದಿಲ್ಲ.